ಖಾಲಿ ಚೀಟಿಯ ಪುಸ್ತಕ

ರಾಜಾಜಿನಗರದ ಆಸ್ಪತ್ರೆಯೊಂದರ ಲೈಬ್ರರಿಯನ್ ಚನ್ನಮಲ್ಲಪ್ಪನವರಿಗೆ ಪುಸ್ತಕವೆಂದರೆ ದೇವರು. ಸರಸ್ವತಿ ಪೂಜೆಯ ದಿನ ಬೀರುಗಳಿಗೆ ವಿಭೂತಿ ಬಳಿದು, ಪೂಜೆಗಿಟ್ಟದ್ದನ್ನು ಆ ದಿನ ಓದಬಾರದೆಂದು ಬೀಗ ಹಾಕುತ್ತಿದ್ದರು. ಉಳಿದ ದಿನಗಳಲ್ಲೂ ಬೀಗ ಹಾಕಿಯೇ ಇರುತ್ತಿತ್ತು, ಅದಕ್ಕೆ ಯಾವ ಶಾಸ್ತ್ರವೋ!

೧೯೭೪ರಲ್ಲಿ ಆಸ್ಪತ್ರೆಯ ಮಾನ್ಯತೆಗಾಗಿ ಇನ್‌ಸ್ಪೆಕ್ಷನ್ ಗೊತ್ತಾಯಿತು. ಈ ಸಲ ಲೈಬ್ರರಿಯನ್ನೂ ನೋಡುತ್ತಾರೆಂದು ಸುದ್ದಿ. ಅದೇ ವಾರ ನರ್ಸ್ ನೀಲಗಂಗಮ್ಮ ಎಳೆಗೂಸುಗಳ ಕಾಮಾಲೆಯ ಬಗೆಗಿನ ಪುಸ್ತಕ ಕೇಳಿಕೊಂಡು ಬಂದಳು.

"ಇನ್‌ಸ್ಪೆಕ್ಷನ್ ಮುಗೀಲಿ ತಾಯಿ. ನಿಮ್ಮ ಔಷಧಿ ಕೈಯಲ್ಲಿ ಮುಟ್ಟಿ ಕೊಳೆ ಮಾಡಿದ್ರೆ ಯಾರ್ ಉತ್ತರ ಕೊಡೋದು?" ಎಂದು ಚನ್ನಮಲ್ಲಪ್ಪನವರು ರೇಗಿ ಕಳಿಸಿದರು.

ಪರಿಶೀಲನೆಗೆ ಬಂದ ಡಾಕ್ಟರು ಬೀರುವಿನಿಂದ ಅದೇ ಪುಸ್ತಕವನ್ನು ತೆಗೆದರು. ಪುಸ್ತಕ ಎರವಲು ಕೊಟ್ಟಾಗಲೆಲ್ಲ ತಾರೀಖು ಒತ್ತಲೆಂದು ಕೊನೆಯ ಪುಟದಲ್ಲಿ ಅಂಟಿಸಿದ್ದ ಚೀಟಿ ಪೂರಾ ಖಾಲಿಯಾಗಿತ್ತು.

"ಇದನ್ನ ಒಬ್ರೂ ಓದಿಲ್ವಲ್ರೀ?"

ಚನ್ನಮಲ್ಲಪ್ಪನವರು ಬೀಗದ ಕೈಯನ್ನು ಜೇಬಿಗೆ ತುರುಕಿಕೊಂಡರು. ಬಾಗಿಲ ಬಳಿ ನಿಂತಿದ್ದ ನೀಲಗಂಗಮ್ಮ, "ಅದು ಹೊಸದು ಸಾರ್. ಹಳೇದು ವಾರ್ಡಲ್ಲಿದೆ, ನಾವೇ ಓದ್ತಾ ಇದೀವಿ" ಎಂದಳು. ಹಳೆಯದು ಇರಲೇ ಇಲ್ಲ.

ಮಾನ್ಯತೆ ಸಿಕ್ಕಿತು. ಸೂಪರಿಂಟೆಂಡೆಂಟರು ಎಲ್ಲರೆದುರು ಚನ್ನಮಲ್ಲಪ್ಪನವರನ್ನು ಹೊಗಳಿದರು. ಅವರು ತಲೆ ಎತ್ತಲಿಲ್ಲ. ನೇರ ಲೈಬ್ರರಿಗೆ ಹೋಗಿ ಬೀಗ ತೆಗೆದು, ಖಾಲಿ ಚೀಟಿಯ ಮೇಲೆ ಮೊದಲ ತಾರೀಖು ಒತ್ತಿ, ಪುಸ್ತಕವನ್ನು ತಾವೇ ವಾರ್ಡಿಗೆ ಹೊತ್ತುಕೊಂಡು ಹೋದರು.

"ತಗೊಳ್ಳಿ ಸಿಸ್ಟರ್" ಎಂದು ಚಾಚಿದರು.

"ಒಂದ್ನಿಮಿಷ ಸಾರ್" ಎಂದಳು ನೀಲಗಂಗಮ್ಮ. ದನಿಯಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. "ಕೈ ತೊಳ್ಕೊಂಡ್ ಬರ್ತೀನಿ."