ಹಂಡೆಯ ಹಬೆಯಲ್ಲಿ ಬೆಳೆದ ಫರ್ನ್

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ಗೀಸರ್ ಹಾಕಿಸಬೇಕೆಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಆಮೇಲೆ ತಪ್ಪನ್ನು ನನ್ನವರ ತಲೆಗೆ ಕಟ್ಟುವ ಮನಸ್ಸಾದೀತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ನನ್ನವರ ಅಕ್ಕ, ಅಂದರೆ ನನ್ನ ಅತ್ತಿಗೆ. ಮದುವೆಯಾಗದೆ, ತಾಯಿಯಿಲ್ಲದ ತಮ್ಮಂದಿರಿಬ್ಬರನ್ನೂ ಸಾಕಿ, ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ಆಗಷ್ಟೇ ರಿಟೈರ್ ಆಗಿದ್ದರು. ನಾನು ಮದುವೆಯಾಗಿ ಬಂದಮೇಲೆ ಅಡುಗೆಮನೆ ನನ್ನದಾಗಿತ್ತು. ಬಚ್ಚಲಮನೆಯೊಂದು ಅವರದಾಗಿ ಉಳಿದಿತ್ತು. ಬೆಳಗಿನ ಜಾವ ಎದ್ದು ತೆಂಗಿನ ಗರಿ, ಚಿಪ್ಪು, ಸೌದೆ ಚೂರು ಒಟ್ಟಿ ತಾಮ್ರದ ಹಂಡೆಗೆ ಉರಿ ಹಾಕುತ್ತಿದ್ದರು. ಆರು ಗಂಟೆಗೆ "ನೀರು ಕಾದಿದೆ, ಬನ್ರೋ" ಎಂದು ಅವರು ಕೂಗಿದರೇನೇ ನಮಗೆ ಬೆಳಗಾಗುತ್ತಿದ್ದದ್ದು.

ಬಚ್ಚಲಮನೆಯ ಬಾಗಿಲಾಚೆ, ಶೀಟು ಹೊದಿಸಿದ ಕಿರಿದಾದ ಜಾಗದಲ್ಲಿ, ಅವರ ಏಳು ಫರ್ನ್ ಕುಂಡಗಳಿದ್ದವು. ಹೂವಿಲ್ಲ, ಕಾಯಿಲ್ಲ, ದೇವರಿಗೆ ಏರಿಸುವ ಹಾಗಿಲ್ಲ. ಇವಕ್ಕೇಕೆ ಇಷ್ಟು ಉಪಚಾರ ಎಂದು ನನಗೆ ಒಳಗೊಳಗೇ ಸಿಡಿಮಿಡಿ. ಅವರೋ ಕುಂಡದ ತಳಕ್ಕೆ ಇಟ್ಟಿಗೆ ಚೂರು, ಮೇಲೆ ತೆಂಗಿನ ನಾರು, ಕೊಳೆತ ಎಲೆಯ ಗೊಬ್ಬರ ಹಾಕಿ, ಹೊಸ ಎಲೆಯ ಸುರುಳಿ ಎದ್ದಿದೆಯೇ ಎಂದು ದಿನಾ ಬಗ್ಗಿ ನೋಡುತ್ತಿದ್ದರು. ಒಬ್ಬೊಬ್ಬರು ಸ್ನಾನ ಮುಗಿಸಿ ಬಾಗಿಲು ತೆಗೆದಾಗಲೂ ಹಂಡೆಯ ಹಬೆ ಹೊರಗೆ ಬಂದು ಎಲೆಗಳ ಮೇಲೆ ಹನಿಯಾಗಿ ಕೂರುತ್ತಿತ್ತು. ಅದು ದಿನಾ ನನ್ನ ಕಣ್ಣೆದುರೇ ನಡೆಯುತ್ತಿತ್ತು, ಆದರೂ ಗಮನಿಸಲಿಲ್ಲ.

ಹೊಗೆಯಿಂದ ಅತ್ತಿಗೆಗೆ ಕೆಮ್ಮು ಹತ್ತಿತ್ತು. "ಈ ವಯಸ್ಸಲ್ಲಿ ನಿಮಗ್ಯಾಕೆ ಈ ಕಷ್ಟ ಅತ್ತಿಗೆ? ಸ್ವಿಚ್ ಹಾಕಿದ್ರೆ ಆಯ್ತು. ಆರಾಮಾಗಿ ಮಲಗಿರಿ" ಎಂದೆ.

"ನಿಮ್ಮಿಷ್ಟ ಕಣಮ್ಮ" ಎಂದರು.

ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ. ಕೆಮ್ಮಿನ ನೆಪ ಸುಳ್ಳಲ್ಲ. ಆದರೆ ಮಸಿ ಹಿಡಿದ ಆ ಗೋಡೆ, ಅಕ್ಕಪಕ್ಕದವರ ಮನೆಯ ಬಿಳಿ ಟೈಲ್ಸು, ಇವೂ ನನ್ನ ತಲೆಯಲ್ಲಿದ್ದವು. ಗೀಸರ್ ಬಂತು. ಹಂಡೆಯನ್ನು ಬಳೇಪೇಟೆಯ ಪಾತ್ರೆ ಅಂಗಡಿಗೆ ಹಾಕಿ ಸ್ಟೀಲ್ ಡಬ್ಬಗಳನ್ನು ತಂದುಕೊಂಡೆವು.

ಆ ವರ್ಷದ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಪ್ರತಿ ವರ್ಷ ಅಂದು ಅತ್ತಿಗೆ ಹುಣಸೆಹಣ್ಣು ಹಾಕಿ ಹಂಡೆಯನ್ನು ಫಳಫಳ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಿದ್ದರು. ಈ ಸಲವೂ ಮಾರ್ಕೆಟ್ಟಿಗೆ ಹೋದವರು ರೂಢಿಯಂತೆ ಬಳ್ಳಿ ತಂದುಬಿಟ್ಟಿದ್ದರು. ಅದನ್ನು ಹಿಡಿದುಕೊಂಡು ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದರು.

"ಬಕೆಟ್‌ಗೇ ಕಟ್ಬಿಡಿ ಅತ್ತಿಗೆ" ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ.

ಅವರು ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಬಳ್ಳಿ ಕಟ್ಟಿ, ಅರಿಸಿನ ಕುಂಕುಮ ಇಟ್ಟು, ಕೈಮುಗಿದು ಒಳಗೆ ಹೋದರು. ಆ ನಗು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹಬ್ಬ ಕಳೆದ ಮೇಲೆ ಫರ್ನ್ ಎಲೆಗಳ ತುದಿ ಒಣಗತೊಡಗಿತು. ಅತ್ತಿಗೆ ಮೊದಲಿನ ಹಾಗೆ ಬಗ್ಗಿ ನೋಡುತ್ತಿರಲಿಲ್ಲ. ಎಂದಿನಂತೆ ಬೆಳಗಿನ ಜಾವ ಎಚ್ಚರವಾಗುತ್ತಿತ್ತೇನೋ, ಎದ್ದು ಬಂದು ಹಜಾರದ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಸಂಕ್ರಾಂತಿ ಮುಗಿಸಿಕೊಂಡು, ನಾಲ್ಕು ದಿನ ಇದ್ದು ಬರುತ್ತೇನೆಂದು ಮಲ್ಲೇಶ್ವರದಲ್ಲಿದ್ದ ಚಿಕ್ಕ ತಮ್ಮನ ಮನೆಗೆ ಹೊರಟರು. "ಗಿಡ?" ಎಂದೆ. "ನೀನೇ ನೋಡ್ಕೋ" ಎಂದರು.

ನಾಲ್ಕು ದಿನ ತಿಂಗಳಾಯಿತು. ಫೋನ್ ಮಾಡಿದರೆ "ಬರ್ತೀನಿ ಬರ್ತೀನಿ" ಎನ್ನುತ್ತಿದ್ದರು. ಸಾಕಿದ ಅಕ್ಕನನ್ನು ಮನೆಯಿಂದ ಓಡಿಸಿದಳು ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಭಯ ನನಗೆ. ಅದು ನಿಜವೇ ಇರಬಹುದು ಎಂಬುದು ಇನ್ನೂ ದೊಡ್ಡ ಭಯ. ಅವರು ಬರುವಷ್ಟರಲ್ಲಿ ಗಿಡ ಚಿಗುರಿದರೆ ಎಲ್ಲ ಸರಿಹೋಗುತ್ತದೆಂದು ಯಾಕೋ ನಂಬಿಬಿಟ್ಟೆ. ಬೋರ್‌ವೆಲ್ ನೀರನ್ನು ಬಿಂದಿಗೆಗಟ್ಟಲೆ ಸುರಿದೆ, ಮೂರು ಗಿಡಗಳ ಬೇರು ಕೊಳೆಯಿತು. ಗಾಳಿ ಬೆಳಕು ಸಾಲದೆಂದು ಉಳಿದವನ್ನು ಮುಂದಿನ ಕಾಂಪೌಂಡ್ ಗೋಡೆಯ ಮೇಲಿಟ್ಟೆ. ಬಿಸಿಲಿಗೆ ಇನ್ನೂ ಮೂರು ಸುಟ್ಟುಹೋದವು. ಕೊನೆಗೆ ಒಂದು ಒಣಗಿದ ಎಲೆ ಹಿಡಿದುಕೊಂಡು ನರ್ಸರಿಗೆ ಹೋದೆ.

"ಇದಕ್ಕೆ ಬೇರಿಗೆ ನೀರು ಸುರಿದ್ರೆ ಸಾಲದಮ್ಮ, ಗಾಳೀಲಿ ತೇವ ಇರ್ಬೇಕು. ಮೊದ್ಲು ಎಲ್ಲಿಟ್ಟಿದ್ರಿ?" ಎಂದು ನರ್ಸರಿಯಾತ ಕೇಳಿದ.

"ಬಚ್ಚಲಮನೆ ಹತ್ರ. ಹಂಡೆ ಇತ್ತು. ತೆಗೆಸ್ಬಿಟ್ವಿ."

"ಅದೇ ಮತ್ತೆ" ಎಂದ.

ಅಂದೇ ಉಳಿದಿದ್ದ ಒಂದು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮಲ್ಲೇಶ್ವರಕ್ಕೆ ಹೋದೆ. ಅದೊಂದು ಹಳೆಯ ಬಾಡಿಗೆ ಮನೆ. ಓನರ್ ಗೀಸರ್ ಹಾಕಿಸಲು ಒಪ್ಪಿರಲಿಲ್ಲ. ಅತ್ತಿಗೆ ಹಿತ್ತಲಲ್ಲಿ ಕೂತು ಹಂಡೆಯ ಒಲೆಗೆ ಚಿಪ್ಪು ತುರುಕುತ್ತಿದ್ದರು. ಕೆಮ್ಮುತ್ತಲೂ ಇದ್ದರು. ಕುಂಡ ನೋಡಿದವರೇ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಣಗಿದ ಎಲೆಗಳನ್ನು ಚಿವುಟಿ ಹಾಕಿ, ಬಚ್ಚಲಿನ ಬಾಗಿಲ ಪಕ್ಕ ನೆರಳಿನಲ್ಲಿಟ್ಟರು. "ಜೀವ ಇದೆ ಬಿಡು" ಎಂದರು.

ನನಗೆ ಅಳು ಬಂತು. "ತಪ್ಪಾಯ್ತು ಅತ್ತಿಗೆ, ಮನೆಗೆ ಬನ್ನಿ" ಎಂದೆ.

"ನಿನ್ಮೇಲೆ ನಂಗೇನೂ ಕೋಪ ಇಲ್ಲ ಕಣೇ" ಎಂದು ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ನಿಜವಾಗಿಯೂ ಉತ್ತರ ಬೇಕೆಂಬಂತೆ ನನ್ನ ಮುಖ ನೋಡಿ ಕೇಳಿದರು: "ಅಲ್ಲಿಗೆ ಬಂದು ಏನ್ಮಾಡ್ಲಿ, ಹೇಳು?"

ಆರಾಮಾಗಿರಿ ಎನ್ನುವ ಮಾತು ಬಾಯಿಯವರೆಗೆ ಬಂತು. ಅದೇ ಮಾತು ಹೇಳಿಯೇ ಅವರನ್ನು ಕಳೆದುಕೊಂಡಿದ್ದೆ.

ಅವರು ಮತ್ತೆ ನಮ್ಮ ಮನೆಗೆ ಬಂದದ್ದು ಹಬ್ಬಹರಿದಿನಕ್ಕೆ, ನೆಂಟರ ಹಾಗೆ. ಮಲ್ಲೇಶ್ವರದಲ್ಲಿ ಫರ್ನ್ ಚಿಗುರಿ ಒಂದು ಕುಂಡ ಮೂರಾಯಿತು. ನಮ್ಮ ಮನೆಯ ಗೀಸರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತದೆ, ನೀರು ಕಾದಮೇಲೆ ತಾನೇ ಆರುತ್ತದೆ. ಸ್ನಾನಕ್ಕೆ ಬನ್ನಿ ಎಂದು ಯಾರನ್ನೂ ಯಾರೂ ಕೂಗುವುದಿಲ್ಲ.