ದೇವರಿಗೆ ಬೇಡದ ಹೂ

ಪಕ್ಕದ ಮನೆಯ ಹೂ ಕೀಳುವುದು ಕಳ್ಳತನ ಎಂದು ನಮ್ಮತ್ತೆ ಸುಬ್ಬಲಕ್ಷ್ಮಮ್ಮ ಯಾವತ್ತೂ ಒಪ್ಪಿದವರಲ್ಲ. ದೇವರಿಗೆ ತಾನೆ! ಬೆಳಕು ಹರಿಯುವಷ್ಟರಲ್ಲಿ ಬುಟ್ಟಿ ತುಂಬಬೇಕು. ಆ ಬುಟ್ಟಿ ಹಿಡಿದು ನಿಲ್ಲುತ್ತಿದ್ದ ಸೊಸೆ ನಾನೇ, ಸುಳ್ಳೇಕೆ ಹೇಳಲಿ.

ಪಕ್ಕದ ಮನೆ ನರಸಯ್ಯನವರದು. ಗುಬ್ಬಿ–ಚೇಳೂರು ಬಸ್ಸನ್ನು ಇಪ್ಪತ್ತೆಂಟು ವರ್ಷ ಓಡಿಸಿ ನಿವೃತ್ತರಾದವರು. ಹಾರನ್ ಹೊಡೆಯುವುದರಲ್ಲೇ ಜಿಪುಣ, ಮಾತಿನಲ್ಲಂತೂ ಕೇಳಲೇಬೇಡಿ. ಅವರ ಜೀವವೆಲ್ಲ ಹಿತ್ತಲಿನ ಒಂದು ಜೇನುಪೆಟ್ಟಿಗೆಯಲ್ಲಿ. ಬೇಸಿಗೆಯಲ್ಲಿ ಹೊಂಗೆ, ಬೇವು ಹೂ ಬಿಟ್ಟು ಹುಳಗಳಿಗೆ ಹಬ್ಬ. ಶ್ರಾವಣ ಬಂತೆಂದರೆ ತುಂಬೆ ಶಿವನಿಗೆ, ತುಳಸಿಯ ಕದಿರು ವೆಂಕಟರಮಣನಿಗೆ. ಹುಳಗಳಿಗೆ ಉಳಿಯುತ್ತಿದ್ದುದು ಬರೀ ಎಲೆ. ಎರಡು ವರ್ಷ ಸತತವಾಗಿ ಅವು ಪೆಟ್ಟಿಗೆ ಬಿಟ್ಟು ಹಾರಿಹೋದವು.

ಮೂರನೇ ಸಲ ಅವರ ಕುಣಿಗಲ್‌ನ ಭಾವಮೈದ ಹುಳ ಕೊಟ್ಟರು. ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ನರಸಯ್ಯ, "ಇವೂ ಹೋದ್ರೆ ನನ್ ಕೈಲಾಗಲ್ಲ ಕಣಮ್ಮ, ಪೆಟ್ಟಿಗೇನ ಒಲೆಗೆ ಹಾಕ್ತೀನಿ" ಎಂದರು.

"ಹೂ ಕೀಳಬೇಡಿ ಅಂತ ಅತ್ತೆಗೆ ಹೇಳಬಾರ್ದಾ?" ಎಂದೆ.

"ದೇವ್ರಿಗೆ ಕೊಡಲ್ಲ ಅನ್ನಕ್ಕಾಯ್ತದಾ? ಬುಡಮ್ಮ."

ಆಮೇಲೆ ಅವರು ಪೂಜೆಗೆ ಒದಗದ ಹೂಗಳನ್ನೇ ಹುಡುಕಿ ನೆಟ್ಟರು. ಮಳೆಗಾಲಕ್ಕೆ ಕುಂಬಳ, ನುಗ್ಗೆ, ಮುಸುಕಿನ ಜೋಳ. ಅದು ಮುಗಿಯುವಾಗ ತೊಗರಿ ಹೂವಾಗಬೇಕು, ಅದರ ಹಿಂದೆ ಅವರೆ. ಚಳಿ ಕಳೆಯುವಷ್ಟರಲ್ಲಿ ಬಲಿತ ಕೊತ್ತಂಬರಿ, ಈರುಳ್ಳಿ. ಈರುಳ್ಳಿ ಹೂವನ್ನು ಯಾವ ದೇವರಿಗೆ ಏರಿಸುತ್ತೀರಿ ಹೇಳಿ! "ಹಿತ್ತಲೋ, ತರಕಾರಿ ಅಂಗಡಿಯೋ?" ಎಂದು ಅತ್ತೆ ಮೂಗು ಮುರಿದರು.

ಆ ಶ್ರಾವಣದಲ್ಲಿ ನಾನು ದಿನವೂ ಪೆಟ್ಟಿಗೆಗೆ ಕಿವಿಗೊಟ್ಟು ಬರುತ್ತಿದ್ದೆ. ಒಳಗೆ ಗುಂಯ್ ಎಂದರೆ ಸಮಾಧಾನ. ತಿಂಗಳು ಮುಗಿಯಿತು, ಹುಳ ಹೋಗಲಿಲ್ಲ. ನನಗೆ ಅಳುವೇ ಬಂತು.

ಕಾರ್ತಿಕದಲ್ಲಿ ನರಸಯ್ಯ ಮೊದಲ ಬಾಟಲಿ ಜೇನುತುಪ್ಪ ಹಿಡಿದು ನಮ್ಮ ಬಾಗಿಲಿಗೇ ಬಂದರು. ಅತ್ತೆಗೆ ಈಸಿಕೊಳ್ಳಲು ಕೈ ಬರಲಿಲ್ಲ.

"ನಿಮ್ ಹೂವೆಲ್ಲಾ ಕಿತ್ಕೊಂಡೋಳು ನಾನು. ನಂಗ್ಯಾಕಪ್ಪಾ ಮೊದ್ಲು?"

"ನೀವು ಕೀಳ್ದೇ ಇದ್ದಿದ್ರೆ ನಾನು ಇಷ್ಟೆಲ್ಲಾ ನೆಡ್ತಿದ್ನಾ ತಾಯಿ? ಇನ್ನು ವರ್ಷಪೂರ್ತಿ ಹೊಟ್ಟೆ ತುಂಬ್ತದೆ ಅವಕ್ಕೆ."

ಕೊಂಕು ಗೊತ್ತಿಲ್ಲದ ಮನುಷ್ಯ. ನಿಜವಾಗಿಯೂ ಉಪಕಾರ ನೆನೆದೇ ಹೇಳಿದರು. ಅತ್ತೆ ಬಾಟಲಿ ಈಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೆಯ ಬೆಳಗ್ಗೆ ನಮ್ಮ ಮನೆಯಲ್ಲಿ ಬರೀ ಅಕ್ಷತೆಯಲ್ಲೇ ಪೂಜೆಯಾಯಿತು.