ಕಂಬ ಕಾದ ಇಬ್ಬರು

ಮಂಡ್ಯದಲ್ಲಿ ನಲವತ್ತು ವರ್ಷ ಅಂಪೈರಾಗಿ ಕಬಡ್ಡಿ ಗೆರೆ ಕಾದೋನು ನಾನು. ನನ್ನ ಕಣ್ಣು ತಪ್ಸಿ ಒಬ್ಬನೂ ಗೆರೆ ದಾಟಿಲ್ಲ. ಅದ್ಕೇ ಕೌಲಾಲಂಪುರದಲ್ಲಿ ಮೊಮ್ಮಗಳು ಆಡೋ ಐರ್ಲೆಂಡಿನ ಆಟ, ಗೇಲಿಕ್ ಫುಟ್‌ಬಾಲ್, ಅದರ ನ್ಯಾಷನಲ್ ಫೈನಲ್ಲಿಗೆ ಒಬ್ಬ ಅಂಪೈರು ಕೈಕೊಟ್ಟಾಗ, ನಾನೇ ಬಿಳಿ ಕೋಟು ಹಾಕ್ಕೊಂಡು ಗೋಲ್ ಕಂಬದ ಪಕ್ಕ ನಿಂತೆ. ಆಚೆ ಕಂಬಕ್ಕೆ ಒಬ್ಬ ಐರ್ಲೆಂಡಿನೋನು. ಎದುರು ಟೀಮಿನ ಗೋಲ್ ಕಾಯ್ತಿದ್ದಿದ್ದು ಅವನ ಮಗಳೇ.

ಎರಡು ಕಂಬದ ಮಧ್ಯೆ ಅಡ್ಡಪಟ್ಟಿ ಮೇಲಿಂದ ಚೆಂಡು ಹೋದ್ರೆ ಒಂದು ಪಾಯಿಂಟು, ಬಿಳಿ ಬಾವುಟ ಎತ್ಬೇಕು. ಕೊನೇ ನಿಮಿಷ. ನಮ್ಮ ಹುಡುಗೀರು ಒಂದೇ ಪಾಯಿಂಟು ಹಿಂದೆ. ಮೊಮ್ಮಗಳು ಒದ್ದಳು. ಚೆಂಡು ನನ್ನ ಕಂಬದ ತುದಿಗಿಂತ ಮೇಲೆ ಹೋಯ್ತು, ಒಂದು ಗೇಣು ಹೊರಗೆ.

ಇಡೀ ಮೈದಾನ ನನ್ನನ್ನೇ ನೋಡ್ತು. ಸೊಸೆ ಆಗ್ಲೇ ಕುಣೀತಿದ್ಲು. ಬಾವುಟ ಎತ್ತಿದ್ರೆ ಆಟ ಸಮ, ಇಲ್ದಿದ್ರೆ ಸೋಲು.

"ಔಟು," ಅಂದೆ.

"ನೋ ಅಂಕಲ್! ಇನ್, ಇನ್!" ಅಂತ ಐರ್ಲೆಂಡಿನೋನು ಓಡಿಬಂದ.

"ಯಾವೋನಯ್ಯ ನೀನು? ನನ್ನ ತಲೆ ಮೇಲೆ ಹೋಗಿದ್ದು ನಂಗೊತ್ತಿಲ್ವಾ?"

ರೆಫ್ರಿ ತಮಿಳಿನವನು. "ತಾತಾ, ಒದ್ದಿದ್ದು ನಿಮ್ಮ ಮೊಮ್ಮಗಳು ತಾನೇ?" ಅಂತ ತಮಿಳಲ್ಲೇ ಕೇಳ್ದ.

"ಯಾರಾದ್ರೇನಪ್ಪ, ಔಟು ಔಟೇ."

ಚೆಂಡು ಹೋಗಿದ್ದು ನನ್ನ ಕಂಬದ ಕಡೆ ಅಂತ ರೆಫ್ರಿ ನನ್ನ ಮಾತೇ ಹಿಡಿದು, ಆಟ ಮುಗೀತು ಅಂತ ಸೀಟಿ ಊದ್ದ. ಮೊಮ್ಮಗಳು ಹುಲ್ಲಿನ ಮೇಲೆ ಕೂತು ಅತ್ತಳು.

ಮನೆಯವರು ನನ್ನ ಬಿಟ್ಟು ಕಾರು ಹತ್ತಿದ್ರು. ಮಗಳ ಟೀಮು ಗೆದ್ದಿದ್ರೂ, ಇನ್ ಅಂದಿದ್ದಕ್ಕೆ ಐರ್ಲೆಂಡಿನೋನ ಹೆಂಡ್ತಿನೂ ಅವನನ್ನ ಬಿಟ್ಟು ಹೋಗಿದ್ಲು. ಇಬ್ಬರೂ ಮಾಮಕ್ ಅಂತಾರಲ್ಲ, ಆ ತಮಿಳು ಮುಸ್ಲಿಮರ ಅಂಗಡೀಲಿ ಟೀ ಕುಡಿದ್ವಿ. ಅಲ್ಲೂ ಇನ್ ಅಂತಾನೇ ವಾದ ಮಾಡ್ದ, ಕುರುಡ ನನ್ಮಗ.